ಎಣ್ಣೆ ಪ್ರೈಮರ್: ಎಲ್ಲಿ ಬೇಕು, ಎಲ್ಲಿ ಬೇಡ

ಬಣ್ಣಕ್ಕೂ ಅದು ಕೂರುವ ಮೈಗೂ ನಡುವೆ ಬಳಿಯುವ ಮೊದಲ ಪದರವೇ ಪ್ರೈಮರ್. ಎಣ್ಣೆ ಪ್ರೈಮರ್‌ನ ಜೀವಾಳ ಅಗಸೆ, ಸೋಯಾ ಮುಂತಾದ ಎಣ್ಣೆಗಳಿಂದ ತಯಾರಾಗುವ ಆಲ್ಕಿಡ್ ರಾಳ. ಅದರಲ್ಲಿರುವ ಟರ್ಪೆಂಟೈನ್ ಆರಿದ ಮೇಲೆ ರಾಳವು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹೀಗಾಗಿ ಒಣಗಲು ಒಂದು ರಾತ್ರಿಯಾದರೂ ಬೇಕು. ಆ ನಿಧಾನದಲ್ಲೇ ಅದು ಮರದ ಎಳೆಗಳೊಳಗೆ ಇಳಿದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಬೆಂಗಳೂರಿನ ಶ್ರೀಗಂಧದ ಕಾವಲ್, ಸುಂಕದಕಟ್ಟೆ, ನಾಗರಬಾವಿ ಸುತ್ತ 20×30, 30×40 ನಿವೇಶನಗಳಲ್ಲಿ ಏಳುವ ಮನೆಗಳಲ್ಲಿ ಇದಕ್ಕೆ ಸರಿಯಾದ ಜಾಗ ಕಬ್ಬಿಣ ಮತ್ತು ಮರ. ನೀರಿನ ಪ್ರೈಮರನ್ನು ಬರಿ ಕಬ್ಬಿಣಕ್ಕೆ ಬಳಿದರೆ ಒಣಗುವಷ್ಟರಲ್ಲೇ ತುಕ್ಕಿನ ಚುಕ್ಕೆ ಏಳಬಹುದು. ವೆಲ್ಡಿಂಗ್ ಅಂಗಡಿಯಿಂದ ಕೆಂಪಾಗಿ ಬಂದ ಗ್ರಿಲ್‌ಗೆ ಪ್ರೈಮರ್ ಆಗಿಯೇ ಇದೆ ಎಂದು ನಂಬುವಂತಿಲ್ಲ. ಎಷ್ಟೋ ಸಲ ಆ ರೆಡ್ ಆಕ್ಸೈಡ್ ತುಕ್ಕಿನ ಮೇಲೆಯೇ ತೆಳ್ಳಗೆ ಕೂತಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಬೆಸುಗೆಯ ಕರಿ ಕಳೆದು, ಟರ್ಪೆಂಟೈನ್ ಬಟ್ಟೆಯಿಂದ ಜಿಡ್ಡು ಒರೆಸಿ, ಅದೇ ದಿನ ಪ್ರೈಮರ್ ಬಳಿಯಬೇಕು. ರೆಡ್ ಆಕ್ಸೈಡ್ ಜಿಂಕ್ ಕ್ರೋಮ್ ಪ್ರೈಮರ್‌ಗೆ ಐಎಸ್ 2074 ಎಂಬ ಭಾರತೀಯ ಮಾನಕವಿದೆ. ಆದರೆ ಅದರಲ್ಲಿರುವ ಕ್ರೋಮೇಟ್ ಕ್ಯಾನ್ಸರ್‌ಕಾರಕ. ಸಿಗುವ ಕಡೆ ಜಿಂಕ್ ಫಾಸ್ಫೇಟ್ ಪ್ರೈಮರ್ ಕೊಳ್ಳುವುದೇ ಲೇಸು. ಜಿಐ ಪೈಪು, ಶೀಟುಗಳಿಗೆ ಮಾತ್ರ ಇವೆರಡರ ಆಲ್ಕಿಡ್ ರೂಪವೂ ಒಗ್ಗದು. ಅವುಗಳ ಮೇಲಿನ ಸತುವಿನ ಲೇಪದೊಡನೆ ರಾಳ ವರ್ತಿಸಿ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಅಲ್ಲಿ ಬೇಕಾದದ್ದು ಎಚ್ (etch) ಪ್ರೈಮರ್.

ಮರದ ಬಾಗಿಲುವಾಡವನ್ನು ಗೋಡೆಗೆ ಕೂರಿಸುವ ಮೊದಲೇ ಅದರ ಹಿಂಬದಿಗೂ ಪ್ರೈಮರ್ ಬೀಳಬೇಕು. ಗಾರೆಯ ತೇವ ನುಗ್ಗುವುದು ಆ ಕಾಣದ ಕಡೆಯಿಂದ. ರಾಳ ಒಸರುವ ಗಂಟುಗಳಿಗೆ ಮೊದಲು ಅರಗಿನ ದ್ರಾವಣ ಹಚ್ಚುತ್ತಾರೆ. ಪುಟ್ಟಿ ತುಂಬುವುದು ಪ್ರೈಮರ್ ಆದ ಮೇಲೆ. ಬರಿ ಮರ ಪುಟ್ಟಿಯ ಎಣ್ಣೆಯನ್ನು ಹೀರಿಬಿಡುವುದರಿಂದ ಪುಟ್ಟಿ ಬಿರಿಯುತ್ತದೆ. ಪಾಲಿಶ್ ಮಾಡುವ ತೇಗದ ಬಾಗಿಲಿಗೆ ಪ್ರೈಮರ್ ಬೇಡ.

ಎಣ್ಣೆ ಪ್ರೈಮರ್ ಹೆಚ್ಚು ಕೆಡುವುದು ಗೋಡೆಗಳಲ್ಲಿ. ಹೊಸ ಸಿಮೆಂಟ್ ಗಾರೆಯ ಪಿಎಚ್ 12ನ್ನೂ ಮೀರುತ್ತದೆ. ತೇವದೊಡನೆ ಸೇರಿದ ಆ ಕ್ಷಾರ ರಾಳದ ಎಣ್ಣೆಯನ್ನು ಅಕ್ಷರಶಃ ಸಾಬೂನು ಮಾಡುತ್ತದೆ. ಪ್ರೈಮರ್ ಅಂಟಂಟಾಗಿ, ಮೇಲಿನ ಬಣ್ಣ ಉಬ್ಬಿ ಉದುರುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ಹಸಿ ಗೋಡೆಗೆ ಎಣ್ಣೆ ಪ್ರೈಮರ್ ಬಳಿಸಿದ ಮನೆಗಳಲ್ಲಿ ಮುಂದಿನ ಮಳೆಗಾಲಕ್ಕೇ ಇದು ಕಾಣಿಸಿಕೊಳ್ಳಬಹುದು. ಅಂಥ ಗೋಡೆಗೆ ಕ್ಷಾರ ತಡೆಯುವ ನೀರಿನ ಪ್ರೈಮರ್ ಸಾಕು, ಅದೂ ಗಾರೆ ಚೆನ್ನಾಗಿ ಆರಿದ ಮೇಲೆ. ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ರಾತ್ರಿ ಬಿಟ್ಟು ನೋಡಿದರೆ ತೇವ ಉಳಿದಿದೆಯೇ ಎಂಬುದು ತಿಳಿಯುತ್ತದೆ. ಮುಟ್ಟಿದರೆ ಪುಡಿ ಹತ್ತುವ ಹಳೆಯ ಡಿಸ್ಟೆಂಪರ್ ಗೋಡೆ, ಹೊಗೆ ಹಿಡಿದ ಅಡುಗೆಮನೆ ಇವಕ್ಕೆ ಎಣ್ಣೆಯ ಸಿಮೆಂಟ್ ಪ್ರೈಮರ್ ನಿಜಕ್ಕೂ ಉಪಕಾರಿ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಕೈ ಹಾಕದಿರುವುದು ಮೇಲು.

ರಾಜಾಜಿನಗರ, ಬಸವೇಶ್ವರನಗರದ ಹಳೆಯ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮನೆಬಣ್ಣಗಳ ತಯಾರಿಕೆಯಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್ ಪದರಗಳಲ್ಲಿ ಸೀಸ ಇರಬಹುದು. ಅವನ್ನು ಒಣಗಿದ್ದಂತೆಯೇ ಉಜ್ಜದೆ ನೀರು ಹಾಕಿ ಉಪ್ಪುಕಾಗದ ಹಿಡಿಯಬೇಕು. ಮಕ್ಕಳು, ಬಸುರಿಯರು ಆಗ ಆ ಮನೆಯಲ್ಲಿರಕೂಡದು.

ಬಳಿಯುವಾಗ ಕಿಟಕಿಗಳು ತೆರೆದಿರಲಿ, ಒಲೆ ಆರಿರಲಿ. ಎಣ್ಣೆ ಪ್ರೈಮರ್ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವ ಬಿಸಿಗೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ನೀರಿನಲ್ಲಿ ನೆನೆಸಿ, ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು.