ನೀಟ್ ತಯಾರಿಯ ವರ್ಷದಲ್ಲಿ ದವಾಖಾನೆ ಕೆಲಸ: ಯಾವುದನ್ನು ಆರಿಸಬೇಕು?

ದ್ವಿತೀಯ ಪಿಯುಸಿ ಮುಗಿದಿದೆ. ನೀಟ್‌ನಲ್ಲಿ ಸರ್ಕಾರಿ ಸೀಟಿಗೆ ಬೇಕಾದಷ್ಟು ಅಂಕ ಬಂದಿಲ್ಲ. ಇನ್ನೊಂದು ವರ್ಷ ಓದಿ ಮತ್ತೆ ಬರೆಯಬೇಕೆಂಬ ಹಂಬಲ ಮಗಳಿಗಿದೆ. ಆದರೆ ವರ್ಷವಿಡೀ ಕೋಚಿಂಗ್‌ಗೆ ಹಣ ಕಟ್ಟುವುದು ಎಲ್ಲ ಹೆತ್ತವರಿಗೂ ಆಗುವ ಮಾತಲ್ಲ. ಯಾದಗಿರಿಯಾಗಲಿ, ಶಹಾಪುರ, ಸುರಪುರವಾಗಲಿ, ಇಂಥ ಮನೆಗಳಲ್ಲಿ ಆಗ ಬರುವ ಯೋಚನೆ ಇದು: ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದರೆ ನಾಲ್ಕು ಕಾಸೂ ಬರುತ್ತದೆ, ಅನುಭವವೂ ಆಗುತ್ತದೆ.

ಅನುಭವದ ಮಾತನ್ನು ಮೊದಲು ನೋಡೋಣ. ಅಮೆರಿಕದಲ್ಲಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವವರು ಆಸ್ಪತ್ರೆಯಲ್ಲಿ ದುಡಿದ ಗಂಟೆಗಳನ್ನು ತೋರಿಸುತ್ತಾರೆ. ಆಯ್ಕೆಯಲ್ಲಿ ಅದಕ್ಕೆ ಬೆಲೆಯಿದೆ. ನಮ್ಮಲ್ಲಿ ಎಂಬಿಬಿಎಸ್‌ಗೆ ಸ್ಪರ್ಧೆ ನಡೆಯುವುದು ನೀಟ್ ಅಂಕದ ಮೇಲೆ. 2025ರ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, ಒಟ್ಟು 720 ಅಂಕ. ಅದರಲ್ಲಿ ಅರ್ಧ ಜೀವಶಾಸ್ತ್ರಕ್ಕೆ. ವರ್ಷವಿಡೀ ವಾರ್ಡಿನಲ್ಲಿ ದುಡಿದರೂ ಇದಕ್ಕೆ ಒಂದು ಅಂಕವೂ ಸೇರುವುದಿಲ್ಲ. ಹಾಗಾಗಿ ಕೆಲಸ ಆರಿಸುವಾಗ ನೋಡಬೇಕಾದ್ದು ಎರಡು: ಓದಿಗೆ ಎಷ್ಟು ಹೊತ್ತು ಉಳಿಯುತ್ತದೆ? ಆರೋಗ್ಯಕ್ಕೆ ಎಷ್ಟು ಅಪಾಯವಿದೆ?

ಹೊತ್ತಿನ ಲೆಕ್ಕ

ಸುರಪುರದ ಹುಡುಗಿಗೆ ಯಾದಗಿರಿಯ ದೊಡ್ಡ ಆಸ್ಪತ್ರೆಯಲ್ಲಿ ಸ್ವಲ್ಪ ಹೆಚ್ಚು ಸಂಬಳ ಸಿಗಬಹುದು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ಹೋಗಿ ಬರಲು ದಿನಕ್ಕೆ 3 ಗಂಟೆ ಹಿಡಿದರೂ 26 ದಿನದ ತಿಂಗಳಿಗೆ 78 ಗಂಟೆ ಬಸ್ಸಿನ ಪಾಲು. ಊರಲ್ಲೇ ಒಪ್ಪೊತ್ತಿನ ಕೆಲಸ ಸಿಕ್ಕರೆ, ಸಂಬಳ ಕಡಿಮೆಯಾದರೂ ಅದೇ ಲಾಭ.

ರಾತ್ರಿ ಪಾಳಿ ಬೇಡ. ರೋಗಿ ಮಲಗಿದಾಗ ಓದಬಹುದು ಎನ್ನುವವರಿದ್ದಾರೆ. ಓದಿದ್ದು ತಲೆಯಲ್ಲಿ ನಿಲ್ಲುವುದಕ್ಕೆ ನಿದ್ದೆಯೇ ಬೇಕು.

ಮಾಡಬಾರದ ಕೆಲಸ

ಹೆಸರು ಬರೆಯುವುದು, ಚೀಟಿ ಕೊಡುವುದು, ಲ್ಯಾಬ್ ವರದಿ ಜೋಡಿಸಿಡುವುದು ಪಿಯುಸಿ ಮುಗಿಸಿದವರು ಮಾಡಬಹುದಾದ ಕೆಲಸಗಳು. ಕೆಲವು ಸಣ್ಣ ದವಾಖಾನೆಗಳಲ್ಲಿ ವಾರ ಕಳೆಯುವಷ್ಟರಲ್ಲಿ ‘ಇಂಜೆಕ್ಷನ್ ಹಾಕು, ಸಲೈನ್ ಹಚ್ಚು’ ಎನ್ನುತ್ತಾರೆ. ತರಬೇತಿ, ನೋಂದಣಿ ಇಲ್ಲದವರು ಅದನ್ನು ಮಾಡಬಾರದು. ರೋಗಿಗೆ ಹೆಚ್ಚುಕಡಿಮೆಯಾದರೆ ಸಿಕ್ಕಿಬೀಳುವವಳು ನಿಮ್ಮ ಮಗಳು. ಔಷಧಿ ಅಂಗಡಿಯಲ್ಲೂ ಅಷ್ಟೇ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿ ನೋಡಿ ಔಷಧಿ ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟರದು.

ಖಾಸಗಿ ದವಾಖಾನೆಯಾದರೆ ಕೆಪಿಎಂಇ ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ. ಇಲ್ಲವಾದರೆ ಅಲ್ಲಿಗೆ ಸೇರಿಸಬೇಡಿ.

ಸೇರುವ ಮೊದಲು ಲಸಿಕೆ

ವಾರ್ಡ್ ಅಥವಾ ಲ್ಯಾಬ್ ಕೆಲಸವಾದರೆ ಚಿಕ್ಕಂದಿನ ಲಸಿಕೆ ಕಾರ್ಡು ತೆಗೆದು ನೋಡಿ. ಯಕೃತ್ತನ್ನು ಹಾಳುಮಾಡುವ ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ. ಲಸಿಕೆ ಆಗಿಲ್ಲದಿದ್ದರೆ ಮೂರು ಡೋಸ್ ಬೇಕು: ಮೊದಲನೆಯದು ಈಗ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಆಸ್ಪತ್ರೆಯ ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಆಸ್ಪತ್ರೆಯ ಹೊಣೆ. ಸಂಕೋಚವಿಲ್ಲದೆ ಕೇಳಿ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಅದು ಬಿಳಿ ಬಣ್ಣದ ಗಟ್ಟಿ ಡಬ್ಬಿಗೆ ಹೋಗಬೇಕು. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬಾಯಿಗಿಡಬೇಡಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರಿಗೆ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ 2 ಗಂಟೆಯೊಳಗೆ ಆರಂಭಿಸುವುದು ಒಳ್ಳೆಯದು. 72 ಗಂಟೆ ದಾಟಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಆ ಹೊತ್ತು ಕೈಮೀರುತ್ತದೆ.

ಐದು ಹೊತ್ತು ವುಝೂ ಮಾಡುವ ಮನೆಯಲ್ಲಿ ಕೈ ತೊಳೆಯುವುದು ಹೊಸದಲ್ಲ. ಆದರೆ ವಾರ್ಡಿನಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗಲೆಲ್ಲ ಕೈ ಶುದ್ಧವಾಗಬೇಕು. ಕೆಲಸದ ಬಟ್ಟೆಯನ್ನು ಮನೆಯಲ್ಲಿ ಬೇರೆಯಾಗಿ ಒಗೆಯಿರಿ.

ಬಿಡುವ ದಿನವನ್ನೂ ನಿಗದಿ ಮಾಡಿ

ಸೇರುವ ದಿನವೇ ಬಿಡುವ ತಿಂಗಳನ್ನೂ ಹೇಳಿಬಿಡಿ. ನೀಟ್ ಸಾಮಾನ್ಯವಾಗಿ ಮೇ ಮೊದಲ ವಾರದಲ್ಲಿ ಬರುವುದರಿಂದ ಜನವರಿಯ ನಂತರ ಪೂರ್ತಿ ಓದಿಗೆ ಸಿಗಬೇಕು. ‘ಇನ್ನೊಂದು ತಿಂಗಳು ಇರಮ್ಮಾ’ ಎಂಬ ಮಾತಿಗೆ ಹೆತ್ತವರೇ ಮುಂದೆ ನಿಂತು ಉತ್ತರ ಕೊಡಲಿ.

ದವಾಖಾನೆಯ ಕೆಲಸಕ್ಕೆ ಅಂಕವಿಲ್ಲದಿದ್ದರೂ ಒಂದು ಪ್ರಯೋಜನವಿದೆ. ರಕ್ತ, ವಾಸನೆ, ನರಳಾಟದ ನಡುವೆ ತಾನು ನಿಲ್ಲಬಲ್ಲೆನೇ ಎಂಬುದು ಮಗುವಿಗೆ ತಿಳಿಯುತ್ತದೆ. ನಿಲ್ಲಬಲ್ಲೆ ಎನ್ನುವವರಿಗೆ ಎಂಬಿಬಿಎಸ್ ಕೈತಪ್ಪಿದರೂ ನರ್ಸಿಂಗ್, ಫಾರ್ಮಸಿ, ಲ್ಯಾಬ್ ತಂತ್ರಜ್ಞಾನದ ದಾರಿಗಳಿವೆ. ಅವೂ ಮರ್ಯಾದೆಯ ವೃತ್ತಿಗಳೇ. ಅವುಗಳ ಅರ್ಜಿಯ ದಿನಾಂಕಗಳನ್ನೂ ಈಗಲೇ ಗುರುತು ಮಾಡಿಟ್ಟುಕೊಳ್ಳಿ.