ಪೊರೆ ಬಿಡುವ ಹೊತ್ತು

ಚಿಕ್ಕೋಡಿ ತಾಲೂಕಿನಲ್ಲಿ ದೂಧಗಂಗೆಯ ದಂಡೆಗಿರುವ ನಮ್ಮ ಹಳೆಯ ಮನೆಯ ದನದ ಕೊಟ್ಟಿಗೆಯಲ್ಲಿ, ಗೋದಲಿಯ ಹಿಂದಣ ಕಲ್ಲುಗೋಡೆಯ ಸಂದಿನಿಂದ ನೆಲದವರೆಗೆ, ಕಳೆದ ಶ್ರಾವಣದ ಒಂದು ಮುಂಜಾನೆ ನೀಳವಾದ ಹಾವಿನ ಪೊರೆಯೊಂದು ಇಳಿಬಿದ್ದಿತ್ತು. ಇನ್ನೂ ಹಸಿಯಾಗಿದ್ದ ಅದನ್ನು ಬೆರಳಿನಿಂದ ಮುಟ್ಟಿದರೆ ನೆನೆದ ತೆಳುಕಾಗದದಂತೆ ಬಾಗುತ್ತಿತ್ತು. ತಲೆಯ ಭಾಗವು ಕಲ್ಲಿನ ಮೊನೆಗೆ ಸಿಕ್ಕಿಕೊಂಡು ಸಂದಿನಲ್ಲಿ ಉಳಿದು, ಬಾಲದ ತುದಿ ಕಬ್ಬಿನ ರವದಿಯ (ಒಣಸೋಗೆಯ) ಗುಡ್ಡೆಯ ಕಡೆಗೆ ಚಾಚಿದ್ದುದರಿಂದ, ಹಾವು ಹೋದ ದಿಕ್ಕನ್ನು ಯಾರೂ ಹೇಳಬೇಕಾಗಿರಲಿಲ್ಲ. ಏಕೆಂದರೆ ಹಾವು ತುಟಿಯಂಚಿನಲ್ಲಿ ಪೊರೆಯನ್ನು ಬಿರಿಸಿ, ಅದನ್ನು ಒರಟಾದ ಯಾವುದಾದರೊಂದು ವಸ್ತುವಿಗೆ ತಗುಲಿಸಿ, ತಾನು ಮುಂದೆ ಮುಂದೆ ಸರಿಯುತ್ತ ಹೋದಂತೆ ಪೊರೆಯು ಕಾಲುಚೀಲದಂತೆ ಒಳಮೈ ಹೊರಗಾಗಿ ಮಗುಚಿಕೊಳ್ಳುವುದರಿಂದ, ಕೊನೆಗೆ ಕಳಚುವ ಬಾಲವೇ ಹೊರಟವನ ದಾರಿಯನ್ನು ತೋರುವ ಕೈಮರವಾಗುತ್ತದೆ.

ಅಳೆದು ನೋಡಿದೆವು, ಆರು ಅಡಿಗೆ ನಾಲ್ಕು ಬೆರಳು ಕಡಿಮೆ. ಮನೆಯ ಹೆಂಗಸರು ಹೌಹಾರಿದರು. ಆದರೆ ಪೊರೆಯ ಉದ್ದವು ಹಾವಿನ ಉದ್ದವಲ್ಲ. ಹುರುಪೆ ಹುರುಪೆಗಳ ನಡುವೆ ಮಡಿಕೆಯಾಗಿರುವ ಚರ್ಮವೆಲ್ಲ ಕಳಚುವಾಗ ಬಿಚ್ಚಿಕೊಂಡು ಹಿಗ್ಗುವುದರಿಂದ ಪೊರೆಯು ಒಡೆಯನಿಗಿಂತ ಶೇಕಡಾ 10ರಿಂದ 20ರಷ್ಟು ನೀಳವಾಗಿರುವುದುಂಟು. ಒಂದೊಂದು ಹುರುಪೆಯ ನಡುಗೆರೆಯಲ್ಲೂ ಏಣು ಮೂಡಿದ್ದರೆ ಕೊಳಕುಮಂಡಲವೆಂದು ಶಂಕಿಸಬೇಕು; ಬೆನ್ನ ನಡುಸಾಲಿನ ಹುರುಪೆಗಳು ಉಳಿದವುಗಳಿಗಿಂತ ದೊಡ್ಡವಾಗಿ ಷಟ್ಕೋನಾಕಾರದಲ್ಲಿದ್ದರೆ ಕಟ್ಟುಹಾವೆಂದು ಎಚ್ಚರಗೊಳ್ಳಬೇಕು. ಇದರಲ್ಲಿ ಎರಡೂ ಇರಲಿಲ್ಲ. ಆಳುಮಗ ಹಿಂದಿನ ವಾರವೇ ರವದಿಯಲ್ಲಿ ಕೇರೆಯನ್ನು ಕಂಡಿದ್ದ. ಇದು ಅದರದೇ ಇರಬೇಕು.

‘ಪೊರೆ’ ಎಂಬ ಈ ಪುಟ್ಟ ಶಬ್ದವನ್ನು ಕನ್ನಡಿಗರು ಮೂರು ಕಡೆ ಬಳಸುತ್ತಾರೆಂಬುದು ನನಗೆ ಎಂದಿನಿಂದಲೂ ಸೋಜಿಗ. ಹಾವು ಬಿಡುವುದು ಪೊರೆ. ಮುದುಕರ ಕಣ್ಣಿಗೆ ಬರುವುದು ಪೊರೆ. ತಾಯಿ ಮಗುವನ್ನು ಕಾಪಾಡುವುದೂ ಪೊರೆಯುವುದೇ. ವ್ಯುತ್ಪತ್ತಿಯ ದೃಷ್ಟಿಯಿಂದ ಇವುಗಳ ಸಂಬಂಧವೇನೆಂಬುದನ್ನು ಪಂಡಿತರು ನಿರ್ಣಯಿಸಲಿ. ಪೊರೆ ಬಿಡುವ ಹಾವಿನ ಮುಂದೆ ಕುಳಿತವನಿಗೆ ಮಾತ್ರ ಈ ಮೂರೂ ಒಂದೇ ವಾರದಲ್ಲಿ ಕಾಣಸಿಗುತ್ತವೆ. ಸಂಸ್ಕೃತದಲ್ಲಿ ಇದಕ್ಕೆ ಕಂಚುಕ, ನಿರ್ಮೋಕ ಎಂಬ ಹೆಸರುಗಳುಂಟು. ಹುತ್ತದ ಮೇಲೆ ಬಿದ್ದ ನಿರ್ಜೀವವಾದ ಹಾವಿನ ಪೊರೆಯನ್ನು, ಆತ್ಮವು ತೊರೆದ ದೇಹಕ್ಕೆ ಉಪಮಾನವಾಗಿ ಬೃಹದಾರಣ್ಯಕೋಪನಿಷತ್ತು ತಂದಿರುವುದೂ ಪ್ರಸಿದ್ಧವೇ.

ನಮ್ಮ ಚರ್ಮವೂ ಸವೆದು ಉದುರುತ್ತದೆ; ದಿನವೂ ಕಣಕಣವಾಗಿ ಉದುರುವುದರಿಂದ ಅದು ನಮ್ಮ ಗಮನಕ್ಕೆ ಬಾರದು. ಹಾವಾದರೋ ಈ ಲೆಕ್ಕವನ್ನೆಲ್ಲ ಕೂಡಿಸಿಟ್ಟು ಒಮ್ಮೆಲೇ ತೀರಿಸುತ್ತದೆ. ಹಳೆಯ ಹೊರಪದರದ ಕೆಳಗೆ ಹೊಸದೊಂದು ಸಂಪೂರ್ಣವಾಗಿ ಸಿದ್ಧವಾದ ಮೇಲೆ, ಎರಡರ ನಡುವೆ ದ್ರವವು ತುಂಬಿ, ಅದರಲ್ಲಿರುವ ಕಿಣ್ವಗಳು ಬೆಸುಗೆಯನ್ನು ಕರಗಿಸುತ್ತವೆ. ಆ ಕಾಲದಲ್ಲಿ ಮೈಬಣ್ಣ ಮಂಕಾಗಿ, ಕಣ್ಣು ಹಾಲುಬಿಟ್ಟ ನೀಲಿಗೆ ತಿರುಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಗಾಜಿನಂತಹ ಹುರುಪೆಯೊಂದಿರುವುದು, ಅದೂ ಪೊರೆಯೊಂದಿಗೇ ಕಳಚತಕ್ಕದ್ದು. ಕೆಲವು ದಿನಗಳ ತರುವಾಯ ಕಣ್ಣು ಮತ್ತೆ ತಿಳಿಯಾಗುತ್ತದೆ. ಅಷ್ಟಕ್ಕೇ ಕೆಲಸ ಮುಗಿಯಿತೆಂದು ತಿಳಿಯಕೂಡದು. ನಿಜವಾದ ಕಳಚುವಿಕೆ ಅದಾಗಿ ಮತ್ತೆ ಕೆಲವು ದಿನಕ್ಕೆ ಆರಂಭವಾಗಿ, ಎಲ್ಲ ಸರಿಯಾಗಿದ್ದರೆ ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ತೀರಿಬಿಡುತ್ತದೆ. ಬೆಳೆಯುವ ಮರಿಗಳು ಕೆಲವು ವಾರಗಳಿಗೊಮ್ಮೆ, ಬಲಿತವು ವರ್ಷಕ್ಕೆ ಕೆಲವೇ ಸಲ ಪೊರೆ ಬಿಡುತ್ತವೆ.

ನಾನು ಬಾಲಕನಾಗಿದ್ದಾಗ ಹಿತ್ತಲಿನ ತಿಪ್ಪೆಯ ಬಳಿ ಮಂಕಾಗಿ ಸುತ್ತಿಕೊಂಡು ಬಿದ್ದಿದ್ದ ನಾಗರವನ್ನು ಕಂಡು ಹುಡುಗರು ಕಲ್ಲೆತ್ತಿಕೊಂಡಾಗ ನಮ್ಮ ಆಯಿ, “ಮುಟ್ಟಬ್ಯಾಡ್ರೋ, ಪೊರಿ ಬಿಡಾಕ ಹತ್ತೈತಿ, ಕಣ್ಣ ಕಾಣೂದಿಲ್ಲ ಅದಕ್ಕ” ಎಂದು ಗದರಿಸಿದ್ದಳು. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವಾಗ ಅವಳಿಗಿದ್ದ ಭಕ್ತಿಯನ್ನು ನಾನು ಈಗ ಒಪ್ಪಲಾರೆ, ಏಕೆಂದರೆ ಹಾಲು ಹಾವಿನ ಆಹಾರವೇ ಅಲ್ಲ. ಆದರೆ ಆ ದಿನದ ಅವಳ ಮಾತಿನಲ್ಲಿ ಅಕ್ಷರವೊಂದೂ ತಪ್ಪಿರಲಿಲ್ಲ. ಕಣ್ಣು ಮಸುಕಾದ ಹಾವು ನೆರಳಿಗೂ ಬೆಚ್ಚುತ್ತದೆ, ಬೆಚ್ಚಿದ್ದು ಬೇಗ ಕಚ್ಚುತ್ತದೆ, ವಿಷಕ್ಕೆ ಕುರುಡಿಲ್ಲ.

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಈ ಸೀಮೆಯಲ್ಲಿ ಹಾವಿಗೂ ಒಕ್ಕಲಿಗನಿಗೂ ಇರುವ ನೆರೆಹೊರೆ ತಪ್ಪಿಸಿಕೊಳ್ಳಲಾಗದ್ದು. ರಾಯಬಾಗದ ಕುಡಚಿಯಿಂದ ಕಾಗವಾಡದ ಜುಗುಳ, ಮಂಗಾವತಿಯವರೆಗೆ ಕಬ್ಬು ಹಬ್ಬಿದಲ್ಲೆಲ್ಲ ಇಲಿಯುಂಟು, ಇಲಿಯಿದ್ದಲ್ಲಿ ಕೇರೆ, ನಾಗರಗಳುಂಟು. ಕೊಯ್ದ ಕಬ್ಬಿನ ರವದಿಯ ಅಡಿಯಲ್ಲಿ ಸುಡುಬಿಸಿಲಿನಲ್ಲಿಯೂ ಆರದ ತಂಪಿರುವುದರಿಂದ ಪೊರೆ ಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಸಿಗದು. ಮಹಾಪೂರ ಬಂದಾಗಲಂತೂ, 2005ರಲ್ಲಿ ಮತ್ತು 2019ರ ಆಗಸ್ಟಿನಲ್ಲಿ ಆದಂತೆ, ಕಲ್ಲೋಳ–ಯಡೂರ ಸೇತುವೆ ಮುಳುಗಿ ಹೊಲಗಳೆಲ್ಲ ಸಮುದ್ರವಾಗಲು, ಮನುಷ್ಯರು ಹತ್ತಿದ ದಿನ್ನೆಗೇ ಹಾವುಗಳೂ ಹತ್ತುತ್ತವೆ.

ಆದರೆ ಈ ನೆರೆಯವನನ್ನು ಮನೆಯವನನ್ನಾಗಿ ಮಾಡಿಕೊಳ್ಳುವುದಕ್ಕೆ ನಮ್ಮ ದೇಶದ ಕಾಯಿದೆ ಒಪ್ಪದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಸಾಕುವುದು ಅಪರಾಧ. ನಮ್ಮಿಂದ ಬಹಳ ದೂರವಲ್ಲದ ಸಾಂಗಲಿ ಜಿಲ್ಲೆಯ ಬತ್ತೀಸ ಶಿರಾಳದಲ್ಲಿ ಪಂಚಮಿಗೆ ಜೀವಂತ ನಾಗರಗಳನ್ನು ಹಿಡಿದು ತಂದು ಪೂಜಿಸುತ್ತಿದ್ದ ಪ್ರಾಚೀನ ರೂಢಿಗೂ ನ್ಯಾಯಾಲಯವು ಕಡಿವಾಣ ಹಾಕಬೇಕಾಯಿತು. ಪರದೇಶದ ಹೆಬ್ಬಾವುಗಳನ್ನು ಇಟ್ಟುಕೊಂಡವರು ಕೂಡ 2022ರ ತಿದ್ದುಪಡಿಯ ನಂತರ ಅವುಗಳನ್ನು ಸರಕಾರದಲ್ಲಿ ನೋಂದಾಯಿಸತಕ್ಕದ್ದು. ಆದಕಾರಣ ಕೊಟ್ಟಿಗೆಯಲ್ಲಿ ಮಂಕಾದ ಹಾವನ್ನು ಕಂಡವನು ಸಲ್ಲಿಸಬಹುದಾದ ಆರೈಕೆಯೆಂದರೆ ದನಗಳನ್ನೂ ಮಕ್ಕಳನ್ನೂ ಅತ್ತ ಬಿಡದಿರುವುದು, ಕೋಲಿನಿಂದ ಕೆದಕದಿರುವುದು. ತೀರ ಓಡಾಡುವ ಜಾಗವಾದರೆ ಅರಣ್ಯ ಇಲಾಖೆಯವರಿಗೆ ಹೇಳಿಕಳುಹಿಸುವುದು.

ಹೀಗಿರುವಾಗ, ಅಮೆರಿಕದ ಉತ್ತರ ಭಾಗದಲ್ಲಿ ನೆಲೆಸಿರುವ ನನ್ನ ಅಣ್ಣನ ಮಗ ಹೋದ ಚಳಿಗಾಲದಲ್ಲಿ ನಡುರಾತ್ರಿ ಫೋನು ಮಾಡಿ, “ಕಾಕಾ, ಹಾವಿನ ಕಣ್ಣ ನೀಲಿ ಆಗ್ಯಾವ, ಏನೂ ತಿನ್ನವಲ್ದು” ಎಂದಾಗ ನಾನು ನಿದ್ದೆಗಣ್ಣಿನಲ್ಲಿ ದಿಗ್ಭ್ರಾಂತನಾದೆ. ಅಲ್ಲಿ ಹಾವು ಸಾಕುವುದೂ ಸಹಜವಂತೆ. ಅವನ ಮಗಳು ಪಶ್ಚಿಮ ಆಫ್ರಿಕಾ ಮೂಲದ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ‘ಬಾಲ್ ಪೈಥಾನ್’ ಎಂಬ ಸಣ್ಣ ಜಾತಿಯ ಹೆಬ್ಬಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದಳು. ಪೊರೆ ಬಿಡುವ ಕಾಲದಲ್ಲಿ ಅದು ಆಹಾರ ಬಿಡುವುದು ರೋಗವಲ್ಲ, ಒತ್ತಾಯದಿಂದ ಇಲಿಯನ್ನು ಮುಂದಿಡಬೇಡ, ಕೈಯಲ್ಲಿ ಎತ್ತಿ ಆಡಿಸಬೇಡ ಎಂದು ನನಗೆ ತಿಳಿದಷ್ಟನ್ನು ಹೇಳಿ, ಮರುದಿನ ಪಶುವೈದ್ಯ ಮಿತ್ರರೊಬ್ಬರನ್ನು ಕೇಳಿ ಉಳಿದುದನ್ನು ತಿಳಿಸಿದೆ.

ಅವನ ಮನೆಯ ತೊಂದರೆಯೆಲ್ಲ ಗಾಳಿಯಲ್ಲಿತ್ತು. ಹೊರಗೆ ಹಿಮ, ಒಳಗೆ ಹಗಲಿರುಳು ಹೀಟರು. ಅದರ ಬಿಸಿಗೆ ಕೋಣೆಯ ತೇವವೆಲ್ಲ ಹಾರಿಹೋಗಿತ್ತು. ಒಣಗಾಳಿಯಲ್ಲಿ ಎರಡು ಪದರಗಳ ನಡುವಿನ ಜಾರು ಬತ್ತಿ, ಪೊರೆ ಅಖಂಡವಾಗಿ ಬಾರದೆ ಚಿಂದಿಚಿಂದಿಯಾಗಿ ಮೈಗೇ ಅಂಟಿಕೊಳ್ಳುತ್ತದೆ. ಇದನ್ನು ಅವನಿಗೆ ತಿಳಿಯಹೇಳುವುದಕ್ಕೆ ನಿಪ್ಪಾಣಿಯ ತಂಬಾಕನ್ನು ನೆನಪಿಸಬೇಕಾಯಿತು. ಬಿಸಿಲಿಗೆ ಒಣಗಿದ ತಂಬಾಕಿನ ಎಲೆಯನ್ನು ಮಧ್ಯಾಹ್ನ ಮುಟ್ಟಿದರೆ ಪುಡಿಯಾಗುವುದರಿಂದ, ನಸುಕಿನ ಇಬ್ಬನಿಗೆ ಅದು ಮೆತ್ತಗಾದ ಹೊತ್ತು ನೋಡಿ ಒಕ್ಕಲಿಗರು ಎತ್ತುವುದನ್ನು ಅವನು ಚಿಕ್ಕಂದಿನಲ್ಲಿ ಕಂಡವನೇ. ಹಾವಿಗೂ ಆ ಇಬ್ಬನಿಯೇ ಬೇಕು. ಪೆಟ್ಟಿಗೆಯೊಳಗಿನ ತೇವವನ್ನು ಶೇಕಡಾ 60–70ಕ್ಕೆ ಏರಿಸಿ, ಅದು ಇಡಿಯಾಗಿ ಮುಳುಗಬಲ್ಲಷ್ಟು ಅಗಲವಾದ ನೀರಿನ ಬಟ್ಟಲಿಟ್ಟು, ಒದ್ದೆ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ತುಂಬಿದ ಮುಚ್ಚಳದ ಡಬ್ಬಿಗೆ ಹಾವು ನುಸುಳುವಷ್ಟು ಕಿಂಡಿ ಕೊರೆದು ಮೂಲೆಯಲ್ಲಿಟ್ಟರೆ, ನಮ್ಮ ರವದಿಯ ಗುಡ್ಡೆ ಅಲ್ಲಿಯೇ ಸಿದ್ಧವಾದಂತಾಯಿತು. ಮೂತಿ ಉಜ್ಜುವುದಕ್ಕೆ ಒಂದು ಒರಟು ಕಲ್ಲೋ ಕೊಂಬೆಯೋ ಇರಲಿ. ನೆಲವೆಲ್ಲ ಕೆಸರಾಗಬಾರದು, ಹಸಿನೆಲದಲ್ಲೇ ಮಲಗಿದ ಹಾವಿಗೆ ಹೊಟ್ಟೆಯ ಹುರುಪೆಗಳು ಕೊಳೆಯುವ ರೋಗ ತಗಲುವುದು.

ಇಷ್ಟು ಹೇಳಿದರೂ ಅವನು ಒಂದು ಅವಿವೇಕ ಮಾಡಿಯೇ ಬಿಟ್ಟ. ಪೊರೆ ತುಂಡುತುಂಡಾಗಿ ಬಂದು, ಒಂದು ಕಣ್ಣಿನ ಮೇಲಿನ ಬಿಲ್ಲೆಯೂ ಬಾಲದ ತುದಿಯ ಉಂಗುರವೂ ಉಳಿದುಬಿಡಲು, ಚಿಮಟ ಹಿಡಿದು ಕಣ್ಣಿನದನ್ನು ಕೀಳಹೋದ. ಪುಣ್ಯಕ್ಕೆ ಹಾವು ತಲೆ ಹಿಂತೆಗೆಯಿತು. ಕೆಳಗಿನ ಹೊಸ ಗಾಜೇ ಕಿತ್ತುಬಂದರೆ ಕಣ್ಣು ಹೋದಂತೆ. ಅದನ್ನು ತೇವಕ್ಕೂ ಮುಂದಿನ ಪೊರೆಗೂ ಬಿಟ್ಟುಕೊಡಬೇಕು, ಮತ್ತೆಯೂ ಉಳಿದರೆ ವೈದ್ಯರ ಕೈಗೆ. ಬಾಲದ ಉಂಗುರವನ್ನು ಮಾತ್ರ ಅಲಕ್ಷಿಸಲಾಗದು. ಒಣಗಿದಂತೆ ಅದು ಬಿಗಿಯುತ್ತ ಹೋಗಿ ರಕ್ತವನ್ನು ತಡೆದು ಬಾಲದ ತುದಿಯನ್ನೇ ಸಾಯಿಸೀತು. ಉಗುರುಬೆಚ್ಚಗಿನ ನೀರನ್ನು ಹಾವಿನ ಬೆನ್ನು ಮುಳುಗದಷ್ಟು ಹಾಕಿ, ಎದುರಿಗೇ ಕುಳಿತು ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಒದ್ದೆ ಟವೆಲಿನ ಮಡಿಕೆಯೊಳಗಿಂದ ತಾನೇ ಹರಿದುಹೋಗುವಂತೆ ಮಾಡಿದರೆ ಆ ಉಂಗುರ ಬಟ್ಟೆಯಲ್ಲೇ ಉಳಿಯುತ್ತದೆ. ಉಳಿಯಿತು ಕೂಡ. ಮುಂದಿನ ಸಲ ಪೊರೆ ಇಡಿಯಾಗಿ ಬಂತೆಂದು, ಅದನ್ನು ಮೇಜಿನ ಮೇಲೆ ಹಾಸಿ, ಎರಡೂ ಕಣ್ಣಿನ ಬಿಲ್ಲೆಗಳನ್ನು ಬೆರಳಿನಿಂದ ತೋರಿಸುತ್ತಿರುವ ಮಗಳ ಚಿತ್ರವನ್ನು ಕಳುಹಿಸಿದ್ದ. ಹಿಂದೆ ಉಳಿದಿದ್ದ ಕಣ್ಣಿನದು ಎರಡು ಪದರವಾಗಿ, ಇನ್ನೊಂದಕ್ಕಿಂತ ದಪ್ಪವಾಗಿ ಕಾಣುತ್ತಿತ್ತು.

ನಮ್ಮ ಕೊಟ್ಟಿಗೆಯ ಪೊರೆಯನ್ನು ಪೆಟ್ಟಿಗೆಯಲ್ಲಿಟ್ಟರೆ ಹಣ ನಿಲ್ಲುವುದೆಂದು ಮನೆಯಲ್ಲಿ ಒಬ್ಬರೂ, ಸುಟ್ಟುಬಿಡಬೇಕೆಂದು ಇನ್ನೊಬ್ಬರೂ ಹೇಳುತ್ತ ಎರಡು ದಿನ ಚರ್ಚೆ ನಡೆಯಿತು. ಮೂರನೆಯ ದಿನ ನೋಡಿದರೆ ಗೋದಲಿಯ ಬಳಿ ಬಾಲದ ಗೇಣುದ್ದದ ತುಣುಕು ಮಾತ್ರ ಇತ್ತು. ಉಳಿದದ್ದನ್ನು ಗೊರವಂಕವೊಂದು ಕಚ್ಚಿಕೊಂಡು ಹೋಗಿ ಸೂರಿನ ಕೆಳಗಿನ ತನ್ನ ಗೂಡಿಗೆ ಹಾಸಿಕೊಂಡಿತ್ತು; ಮೊಳದಷ್ಟು ಹೊರಗೇ ಜೋತುಬಿದ್ದು, ಗಾಳಿ ಬಂದಾಗಲೆಲ್ಲ ಸರಸರ ಸದ್ದು ಮಾಡುತ್ತಿತ್ತು.