ಕಡಲಿನ ಆಳವನ್ನಳೆದ ಹಡಗು

ನಮ್ಮ ಅಮರಕೋಶವು ಸಮುದ್ರಕ್ಕೆ ‘ಯಾದಃಪತಿ’, ಎಂದರೆ ಜಲಜಂತುಗಳ ಒಡೆಯ, ಎಂಬ ಹೆಸರನ್ನೂ ಕೊಟ್ಟಿದೆ. ಆದರೆ 1843ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಪ್ರಕೃತಿಶಾಸ್ತ್ರಜ್ಞನು 300 ಮಾರುಗಳ ಕೆಳಗೆ ಜೀವವಿರಲಾರದೆಂದು ಊಹಿಸಿದನು. ಆ ಊಹೆಯನ್ನು ನಿಸ್ಸಂಶಯವಾಗಿ ಅಳಿಸಿದುದು ‘ಚಾಲೆಂಜರ್’ ಎಂಬ ನೌಕೆ.

ಈ ಆಂಗ್ಲ ಯುದ್ಧನೌಕೆಯು ತನ್ನ ಫಿರಂಗಿಗಳಲ್ಲಿ ಬಹುಭಾಗವನ್ನಿಳಿಸಿ, ಆ ಸ್ಥಳದಲ್ಲಿ ಪ್ರಯೋಗಶಾಲೆಗಳನ್ನು ಕಟ್ಟಿಸಿಕೊಂಡು, ವೈವಿಲ್ ಥಾಮ್ಸನ್ ಮೊದಲಾದ ವಿದ್ವಾಂಸರೊಡನೆ 1872ರ ಡಿಸೆಂಬರಿನಲ್ಲಿ ಹೊರಟಿತು. ಪರೀಕ್ಷೆಗಾಗಿ ನಿಂತ ಸ್ಥಳಗಳು 362. ಅಲ್ಲೆಲ್ಲ ಕೆಲಸದ ಕ್ರಮವು ಹೆಚ್ಚುಕಡಿಮೆ ಒಂದೇ: ಹಾಯಿಗಳನ್ನು ಮಡಿಸಿ, ಉಗಿಯಂತ್ರದ ಬಲದಿಂದ ಹಡಗನ್ನು ನಿಲ್ಲಿಸಿ, ಕಬ್ಬಿಣದ ಭಾರ ಕಟ್ಟಿದ ಹಗ್ಗವನ್ನು ಇಳಿಬಿಡುವುದು, ಅದು ಇಳಿಯುವ ವೇಗವು ಒಮ್ಮೆಲೆ ಕುಗ್ಗಿದರೆ ತಳ ಸಿಕ್ಕಿತೆಂದು ತಿಳಿಯುವುದು, ನೀರಿನ ಶಾಖವನ್ನಳೆದು, ಬಲೆಯನ್ನೆಳೆದು, ಬಂದ ಕೆಸರನ್ನು ಜರಡಿಯಾಡುವುದು. ಮೊದಮೊದಲು ಬಲೆಯ ಸುತ್ತ ಎಲ್ಲರೂ ನೆರೆಯುತ್ತಿದ್ದರು. ಬರಬರುತ್ತ ನಾವಿಕರಿಗೆ ಅದು ಬೇಸರದ ದುಡಿಮೆಯಾಯಿತು. 1873ರಲ್ಲಿ ಬಲೆಯ ಹಗ್ಗದ ರಾಟೆಯೊಂದು ಕಿತ್ತುಬಂದು ಬಡಿದು ಎಳೆಯ ನಾವಿಕನೊಬ್ಬನು ಅಸುನೀಗಿದನು. 1875ರಲ್ಲಿ ವಿಲೆಮೋಸ್-ಸೂಮ್ ಎಂಬ ತರುಣ ವಿದ್ವಾಂಸನು ರೋಗದಿಂದ ಮಡಿದನು.

ಆದರೂ ಕೆಲಸ ನಿಲ್ಲಲಿಲ್ಲ. 1875ರ ಮಾರ್ಚ್ 23ರಂದು ಪೆಸಿಫಿಕ್ ಸಾಗರದಲ್ಲಿ ಹಗ್ಗವು 4,475 ಮಾರುಗಳಷ್ಟು ಇಳಿಯಿತು. ಅಂದರೆ ಐದು ಮೈಲಿಗೂ ಮಿಗಿಲು. 2,000 ಮಾರುಗಳಿಗಿಂತಲೂ ಆಳದಿಂದ ಪ್ರಾಣಿಗಳು ಬಲೆಗೆ ಬಂದವು. 1876ರ ಮೇ ತಿಂಗಳಲ್ಲಿ ಹಡಗು ಮರಳಿತು. ಅದರ ವರದಿಯ 50 ಸಂಪುಟಗಳು ಮುಗಿದುದು 1895ರಲ್ಲಿ. ಲೋಕವು ಅರಿಯದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಯ ಜೀವಿಗಳು ಅವುಗಳಲ್ಲಿ ವರ್ಣಿತವಾಗಿವೆ.

ಸಂಪುಟಗಳನ್ನು ಬರೆದವರು ಪಂಡಿತರು. ಅವರನ್ನು ಕೊಂಡಾಡುವಾಗ ಮೂರೂವರೆ ವರುಷ ಹಗ್ಗವನ್ನೆಳೆದ ಕೈಗಳನ್ನೂ ನಾವು ನೆನೆಯುವುದು ನ್ಯಾಯವಾಗಿದೆ.